ಬಸ್ಸಿಗೆ ಅನುದಾನವಿಲ್ಲ, ಬಸ್ಸಿನ ದಾರಿಗೆ ಉಂಟು

ಪುಣೆಯ ಪೂರ್ವದ ಅಂಚಿನಲ್ಲಿರುವ ನಮ್ಮ ವಸಾಹತಿನ ಗೇಟಿನವರೆಗೆ ಈಗ ಪಿಎಂಪಿಎಂಎಲ್ (ಪುಣೆಯ ನಗರ ಸಾರಿಗೆ ಸಂಸ್ಥೆ) ಬಸ್ಸು ಬರುತ್ತದೆ. ಅದು ಬರುವ ದಾರಿಯನ್ನು ನೆಟ್ಟಗೆ ಮಾಡಿಸಲು ಮೂರು ಬೇರೆ ಬೇರೆ ಸರಕಾರಿ ನಿಧಿಗಳಿಂದ 30 ಲಕ್ಷ ರೂಪಾಯಿಯ ಆಸುಪಾಸಿನ ಕೆಲಸಗಳನ್ನು ಮಂಜೂರು ಮಾಡಿಸಿಕೊಂಡೆವು. ಈ ಸುದ್ದಿ ಹರಡಿದ ಮೇಲೆ, ಅಂದು ವಸಾಹತಿನ ಸೊಸೈಟಿಯ ಕಾರ್ಯದರ್ಶಿಯಾದ ನನ್ನ ಕಾಗದಪತ್ರಗಳನ್ನು ನೋಡಿ ನಕ್ಕಿದ್ದವರೇ ಅರ್ಜಿಯ ನಕಲು ಕೇಳಿ ಫೋನ್ ಮಾಡುತ್ತಿದ್ದಾರೆ. ಮುಂಬಯಿಯ ಮಾನಖುರ್ದ ಕಡೆಯ ಪುನರ್ವಸತಿ ಕಟ್ಟಡಗಳಲ್ಲಿರುವ ನಮ್ಮ ಭಾಷೆಯವರೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಲೇಸೆಂದು ಕುಳಿತಿದ್ದೇನೆ. ಸೊಸೈಟಿಯ ಠರಾವು ಹೇಗೆ ಬರೆಯಬೇಕು, ಅರ್ಜಿಯ ಮೇಲೆ ಆವಕ್ ಶಿಕ್ಕೆ (ಸ್ವೀಕೃತಿಯ ಮುದ್ರೆ) ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬಾರದು, ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಎಲ್ಲಿ ಕೊಡಬೇಕು ಎಂಬುದೆಲ್ಲ ಇದನ್ನು ಓದುವ ಕಾರ್ಯದರ್ಶಿಗಳಿಗೆ ಗೊತ್ತಿರುವ ಸಂಗತಿಯಾದ್ದರಿಂದ ಅದರ ಗೊಡವೆಗೆ ಹೋಗುವುದಿಲ್ಲ.

ನಮ್ಮಲ್ಲಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವು. ಗಂಡಸರು ಬೆಳಗಾಗುತ್ತಲೇ ಮಜೂರ ಅಡ್ಡೆಗೆ ಹೋಗುತ್ತಾರೆ, ಹೆಂಗಸರು ಖರಾಡಿ, ಮಗರಪಟ್ಟಾ ಕಡೆಯ ಫ್ಲ್ಯಾಟುಗಳಿಗೆ ಮನೆಗೆಲಸಕ್ಕೆ ಹೋಗುತ್ತಾರೆ. ಅಗ್ಗದ ಮನೆಗಳನ್ನು ಕಟ್ಟುವ ಯೋಜನೆಗಳಲ್ಲಿ ಮನೆಗೆ ಹಣವಿರುತ್ತದೆ, ಮನೆಯಿಂದ ಕೆಲಸಕ್ಕೆ ಹೋಗುವ ದಾರಿಗೆ ಇರುವುದಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಮ್ಮಂಥ ಸಹಭಾಗಿತ್ವದ ಮನೆಗೆ ಕೇಂದ್ರದಿಂದ ಒಂದೂವರೆ ಲಕ್ಷ, ಮಹಾರಾಷ್ಟ್ರ ಸರಕಾರದಿಂದ ಒಂದು ಲಕ್ಷ ಎಂದಿತ್ತು; ಅದು ಗೋಡೆ, ಚಾವಣಿ, ಸಂಡಾಸಿನಲ್ಲಿ ಮುಗಿದುಹೋಗುತ್ತದೆ. ಮೆಟ್ರೋ ನಿಲ್ದಾಣದ ಸುತ್ತ 500 ಮೀಟರ್‌ನೊಳಗೆ ಹೆಚ್ಚಿನ ಎಫ್‌ಎಸ್‌ಐ (ನಿವೇಶನದ ಅಳತೆಗೆ ತಕ್ಕಂತೆ ಕಟ್ಟಬಹುದಾದ ನೆಲದ ಪ್ರಮಾಣ) ಕೊಡುವ ನೀತಿಯೂ ಪುಣೆಯಲ್ಲಿದೆ. ಆದರೆ ಆ 500 ಮೀಟರ್‌ನೊಳಗೆ ಬಡವರಿಗೆ ಜಾಗ ಸಿಗುವುದು ಎಷ್ಟರ ಮಾತು ಎಂಬುದು ಎಲ್ಲರಿಗೂ ತಿಳಿದಿದೆ. ಅಗ್ಗದ ಮನೆ ಎದ್ದು ನಿಲ್ಲುವುದು ಭೂಮಿ ಅಗ್ಗವಿರುವಲ್ಲಿ, ಭೂಮಿ ಅಗ್ಗವಿರುವುದು ಬಸ್ಸು ಹೋಗದ ಕಡೆ.

ನಮ್ಮ ಗೇಟಿನಿಂದ ಮುಖ್ಯರಸ್ತೆಗೆ 650 ಮೀಟರ್ ಇರಬಹುದು. ರಸ್ತೆಯ ಅಗಲ ಸುಮಾರು ಒಂಬತ್ತು ಮೀಟರ್. ಒಂದು ಬದಿಗೆ ಮುಚ್ಚಿಲ್ಲದ ಮಳೆನೀರಿನ ಗಟಾರ, ಇನ್ನೊಂದು ಬದಿಗೆ ಸಾಲಾಗಿ ನಿಂತ ಟೆಂಪೊಗಳು, ನಡುವೆ ಶೇರ್ ರಿಕ್ಷಾ ಮತ್ತು ನಡೆಯುವ ಜನ. ರಿಕ್ಷಾಕ್ಕೆ ತಲೆಗೆ ಇಪ್ಪತ್ತು ರೂಪಾಯಿ. ಹೋಗಿ ಬರಲು ನಲವತ್ತು, ತಿಂಗಳಿಗೆ ಸಾವಿರದ ಮೇಲೆ. ಎರಡು ಮನೆಯ ಪಾತ್ರೆ ತಿಕ್ಕುವ ಹೆಣ್ಣುಮಗಳೊಬ್ಬಳ ಸಂಬಳದಲ್ಲಿ ಇದು ಸಣ್ಣ ಪಾಲಲ್ಲ.

ಹಿಂದಿನ ಕಮಿಟಿಯವರು ಕೇಳದೆ ಕುಳಿತಿರಲಿಲ್ಲ. ಅವರು ಕೇಳಿದ್ದು ಎರಡನ್ನು. ಒಂದು, ಬಸ್ಸು ಬಿಡಿ. ಇನ್ನೊಂದು, ರಸ್ತೆ ಅಗಲ ಮಾಡಿ. ರಸ್ತೆ ಅಗಲೀಕರಣದ ಆ ಪ್ರಸ್ತಾವ ಒಂದೂವರೆ ಕೋಟಿಯ ಹತ್ತಿರ ಹೋಗಿತ್ತು. ಅದರಲ್ಲಿ ಖಾಸಗಿಯವರ ನೆಲ ಬರುತ್ತಿದ್ದುದರಿಂದ ಏಳು-ಹನ್ನೆರಡರ ಉತಾರ (ಜಮೀನಿನ ದಾಖಲೆ), ಪರಿಹಾರ, ತಕರಾರು ಎಂದು ಕಡತ ಊರೆಲ್ಲ ಸುತ್ತಿತು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದು ಪ್ರಶಾಸಕರ ಆಡಳಿತ ಬಂದಾಗ, ಹೇಳಿಕೊಳ್ಳಲು ನಗರಸೇವಕರೂ (ಪಾಲಿಕೆಯ ಚುನಾಯಿತ ಸದಸ್ಯರು) ಇಲ್ಲವಾದರು. ಇನ್ನು ಏನೂ ಆಗದೆಂದು ಎಲ್ಲರೂ ಕೈಚೆಲ್ಲಿದ ಹೊತ್ತಿಗೇ ಕಾರ್ಯದರ್ಶಿಯ ಕೆಲಸ ನನ್ನ ಹೆಗಲಿಗೆ ಬಂತು.

ಬಸ್ಸಿನ ಬೇಡಿಕೆಗೆ ಬಂದಿದ್ದ ಹಳೆಯ ಉತ್ತರವೊಂದು ಸೊಸೈಟಿಯ ಫೈಲಿನಲ್ಲಿತ್ತು. ನಾಲ್ಕು ಸಾಲು. ರಸ್ತೆಯಲ್ಲಿ ಪಾದಚಾರಿಗಳ ದಟ್ಟಣೆ ಮತ್ತು ವಾಹನಗಳ ನಿಲುಗಡೆ ಇದೆ, ಬಸ್ಸು ತಿರುಗಿಸಲು ಜಾಗವಿಲ್ಲ, ನಿಲ್ದಾಣವಿಲ್ಲ, ಸಂಜೆಯ ಹೊತ್ತು ಬೆಳಕಿಲ್ಲ. ಇದನ್ನು ನಿರಾಕರಣೆಯ ಪತ್ರವೆಂದು ಮಡಿಚಿಟ್ಟಿದ್ದರು. ಮೂವತ್ತು ವರ್ಷ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕಳೆದವನ ಕಣ್ಣಿಗೆ ಅದು ಕೆಲಸದ ಪಟ್ಟಿಯಾಗಿ ಕಂಡಿತು. ಬಸ್ಸು ಯಾರೂ ಅನುದಾನ ಕೊಟ್ಟು ತರಿಸುವ ವಸ್ತುವಲ್ಲ. ಅದರ ನಷ್ಟವನ್ನು ಪುಣೆ ಮತ್ತು ಪಿಂಪರಿ-ಚಿಂಚವಡ ಪಾಲಿಕೆಗಳು 60-40ರ ಲೆಕ್ಕದಲ್ಲಿ ತುಂಬಿಕೊಡುತ್ತವೆ. ಆದರೆ ಆ ನಾಲ್ಕು ಅಡ್ಡಿಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ನಿಧಿ ಇದೆ. ಹಾಗಾಗಿ ಬಸ್ಸಿನ ಮಾತನ್ನೇ ಎತ್ತದೆ ನಾಲ್ಕನ್ನೂ ಒಂದೊಂದಾಗಿ ಕಳೆದು, ಕೊನೆಗೆ ಅದೇ ಪತ್ರದ ನಕಲಿನ ಮೇಲೆ ಬಸ್ಸು ಕೇಳೋಣ ಎಂದೆ. ಕಾಲುದಾರಿಯಿಂದ ಆರಂಭಿಸೋಣ ಎಂದೂ ಹೇಳಿದೆ.

ಅದಕ್ಕೆ ಬಂದ ನಗು ಇನ್ನೂ ಕಿವಿಯಲ್ಲಿದೆ. ನಮ್ಮಲ್ಲೇ ಇರುವ, ಸೆಂಟ್ರಿಂಗ್ (ಕಾಂಕ್ರೀಟಿಗೆ ಹಲಗೆ ಕಟ್ಟುವ ಕೆಲಸ) ಗುತ್ತಿಗೆ ಹಿಡಿಯುವ ಹಿರಿಯರೊಬ್ಬರು ತುಂಬಿದ ಸಭೆಯಲ್ಲಿ, “ಅಲ್ರೀ ಸೆಕ್ರೆಟರಿ ಸಾಹೇಬ್ರ, ಇರೋ ರಸ್ತೇನ ಇಷ್ಟಗಲ ಅದ. ಅದ್ರಾಗ ನೀವು ಮತ್ತ ಫುಟ್‌ಪಾತ್ ಕಟ್ಟಸ್ತೀನಂತೀರಿ. ಬಸ್ಸೇನು ಫುಟ್‌ಪಾತ್ ಮ್ಯಾಲ ಬರ್ತದೇನ್ರಿ?” ಎಂದರು. ಮಾತು ಸುಳ್ಳೆನ್ನುವಂತಿರಲಿಲ್ಲ. ಒಂಬತ್ತು ಮೀಟರ್‌ನಲ್ಲಿ 1.8 ಮೀಟರ್ ಕಳೆದರೆ ಉಳಿಯುವುದು 7.2. ಆದರೆ ನಾನು ಬೆಳಗಿನ ಹೊತ್ತು ಟೇಪು ಹಿಡಿದು ಅಳೆದಿದ್ದೆ. ನಡೆಯುವವರು ಮತ್ತು ನಿಂತ ಟೆಂಪೊಗಳನ್ನು ಬಿಟ್ಟು ವಾಹನ ಓಡಲು ದೊರಕುತ್ತಿದ್ದುದು ನಾಲ್ಕೂವರೆ ಮೀಟರ್ ಕೂಡ ಅಲ್ಲ. ಎರಡೂವರೆ ಮೀಟರ್ ಅಗಲದ ಎರಡು ಬಸ್ಸುಗಳು ಎದುರುಬದುರಾಗಲು ಏಳು ಮೀಟರ್ ಧಾರಾಳ ಸಾಕು. ಜನ ಮೇಲೆ ಹತ್ತಿ ನಡೆದರೆ, ಕಟ್ಟೆಯ ಕಲ್ಲಿನಿಂದಾಗಿ ಟೆಂಪೊ ಒರಗಿಸಲು ಬಾರದಂತಾದರೆ ರಸ್ತೆ ತಾನಾಗಿ ಅಗಲವಾಗುತ್ತದೆ. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೂ ಒಪ್ಪಿದವರು ಮೂರು ನಾಲ್ಕು ಮಂದಿ, ಅವರಲ್ಲೂ ಇಬ್ಬರು ಮರ್ಯಾದೆಗೆ ತಲೆಯಾಡಿಸಿದವರು.

ಹಣ ಕೇಳುವ ಮೊದಲು ಎಣಿಕೆ ಮಾಡಿಸಿದೆ. ಸಾವಿರಾರು ಸಹಿಯ ಮನವಿಗಳನ್ನು ಯಾವ ಮೇಜಿನ ಮೇಲೂ ಯಾರೂ ಓದುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಂದೇ ಹಾಳೆಯಲ್ಲಿ ಹೊತ್ತು, ಜನಸಂಖ್ಯೆ, ಹೋಗುವ ಕಡೆ ಎಂದು ಮೂರು ಕಂಬ ಎಳೆದ ಕೋಷ್ಟಕವಿದ್ದರೆ ಮಾತ್ರ ಅಧಿಕಾರಿಯ ಕಣ್ಣು ಅರ್ಧ ನಿಮಿಷ ಅಲ್ಲಿ ನಿಲ್ಲುತ್ತದೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರನ್ನು ಗಟಾರದ ಮೋರಿಯ ಬಳಿ ಕೂರಿಸಿ ಬೆಳಗಿನ ಆರರಿಂದ ಒಂಬತ್ತರವರೆಗೆ ಎಣಿಸಿದೆವು. ನೆನಪಿನಿಂದ ಹೇಳುವುದಾದರೆ ದಿನಕ್ಕೆ ನಾನೂರು ಚಿಲ್ಲರೆ ಜನ. ಅವರಲ್ಲಿ ಹೆಂಗಸರು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ನಾನು ನಿರೀಕ್ಷಿಸದಿದ್ದ ಸಂಗತಿಯೊಂದು ಅಲ್ಲಿ ಸಿಕ್ಕಿತು. ಅತಿ ದಟ್ಟಣೆ ಕಚೇರಿಯ ಹೊತ್ತಿನಲ್ಲಿರದೆ ಆರೂವರೆಯಿಂದ ಏಳೂಕಾಲಿನ ನಡುವೆ ಇತ್ತು. ಮನೆಗೆಲಸದವರು ಮಾಲೀಕರು ಕೆಲಸಕ್ಕೆ ಹೊರಡುವ ಮೊದಲೇ ತಲುಪಬೇಕಾದವರು. ಈ ಒಂದು ಸಾಲು ಮುಂದೆ ಬಸ್ಸಿನ ವೇಳಾಪಟ್ಟಿಯ ಮಾತು ಬಂದಾಗ ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ಆ ಹೊತ್ತಿಗೆ ಆಗಾರದಿಂದ (ಡಿಪೋದಿಂದ) ಹೊರಡುವ ಬಸ್ಸು ಹೇಗೂ ಖಾಲಿ ಓಡುತ್ತಿರುತ್ತದೆ.

ಈಗ ಹಣದ ವಿಷಯ. ಪುಣೆ ಮಹಾನಗರಪಾಲಿಕೆಯಲ್ಲಿ 2006ರಿಂದ ನಾಗರಿಕರು ಬಜೆಟ್ಟಿಗೆ ತಾವೇ ಕೆಲಸ ಸೂಚಿಸುವ ಪದ್ಧತಿ ಇದೆ. ಸಾಮಾನ್ಯವಾಗಿ ಮಳೆಗಾಲದ ಕೊನೆಯ ಹೊತ್ತಿಗೆ ಕ್ಷೇತ್ರೀಯ ಕಚೇರಿಗಳಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ. ಒಂದು ಕೆಲಸಕ್ಕೆ ಐದು ಲಕ್ಷದ ಮಿತಿ. ಅದರ ಮೇಲೆ ಪ್ರಭಾಗಕ್ಕೂ (ವಾರ್ಡಿಗೂ) ಒಂದು ಒಟ್ಟು ಮಿತಿ. ಕಾಲುದಾರಿ, ಬೀದಿದೀಪ, ಬಸ್ ನಿಲ್ದಾಣ, ರಸ್ತೆ ಫಲಕ ಇವೆಲ್ಲ ನಡೆಯುತ್ತವೆ, ಸೊಸೈಟಿಯ ಆವರಣದೊಳಗಿನ ಕೆಲಸ ನಡೆಯುವುದಿಲ್ಲ. ನಮ್ಮ ಜನರಲ್ಲಿ ಇದರ ಬಗ್ಗೆ ಇದ್ದ ಅಭಿಪ್ರಾಯ, ಅದು ಬೆಂಚು ಮತ್ತು ನಾಮಫಲಕ ಹಾಕಿಸಿಕೊಳ್ಳುವ ಬಾಬತ್ತು ಎಂಬುದಾಗಿತ್ತು. ಐದು ಲಕ್ಷದಲ್ಲಿ ಏನು ಬಂದೀತು ಎಂದು ಕೇಳುತ್ತಿದ್ದರು.

ಐದು ಲಕ್ಷದಲ್ಲಿ ತೊಂಬತ್ತು ಮೀಟರ್ ಬರುತ್ತದೆ. ಕಟ್ಟೆಕಲ್ಲು, ಕೆಳಗೆ ಕಾಂಕ್ರೀಟಿನ ಹಾಸು, ಮೇಲೆ ಪೇವರ್ ಬ್ಲಾಕು ಹಾಕಿ 1.8 ಮೀಟರ್ ಅಗಲದ ಕಾಲುದಾರಿ ಮಾಡಲು ನಮಗೆ ಬಿದ್ದದ್ದು ಮೀಟರಿಗೆ ನಾಲ್ಕೂವರೆ ಸಾವಿರದ ಹತ್ತಿರ. ಜಿಎಸ್‌ಟಿ ಶೇಕಡಾ 18 ಅದರ ಮೇಲೆ. ಜಿಎಸ್‌ಟಿ ಬಿಟ್ಟು ಐದು ಲಕ್ಷದ ಅಂದಾಜು ಹಾಕಿಕೊಂಡು ಹೋದವರ ಅರ್ಜಿ ಮಿತಿ ಮೀರಿದೆಯೆಂದು ಅಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ಮೂಲ ಕೆಲಸವನ್ನು ನಾಲ್ಕು ಲಕ್ಷದ ಆಸುಪಾಸಿನಲ್ಲಿ ನಿಲ್ಲಿಸಿ, ಎಲ್ಲ ಸೇರಿ 4.8 ಲಕ್ಷಕ್ಕೆ ತಂದೆವು. ಕಾಲು ಇಡಲು ಜಾಗವೇ ಇಲ್ಲದಿದ್ದ ಮುನ್ನೂರು ಚಿಲ್ಲರೆ ಮೀಟರ್ ಉದ್ದವನ್ನು ನಾಲ್ಕು ತುಂಡು ಮಾಡಿದೆ: ಮೂರು ಕಾಲುದಾರಿ, ಒಂದು ಗಟಾರದ ಮೇಲೆ ಆರ್‌ಸಿಸಿ ಮುಚ್ಚಳ. ಮುಚ್ಚಳದ ಕೆಲಸ ಮೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ದುಬಾರಿ, ಆದರೆ ಅದಿಲ್ಲದೆ ಕಾಲುದಾರಿ ಅರ್ಧಕ್ಕೆ ನಿಲ್ಲುತ್ತಿತ್ತು.

ತುಂಡು ಮಾಡುವುದೆಂದರೆ ಟೇಪಿನಲ್ಲಿ ನಾಲ್ಕು ಪಾಲು ಹಾಕುವುದೆಂದು ತಿಳಿಯಬಾರದು. ಒಂದೇ ಕೆಲಸವನ್ನು ಮಿತಿಗಾಗಿ ಒಡೆದಿದ್ದಾರೆ ಎಂಬ ಆಕ್ಷೇಪ ಬಂದರೆ ನಾಲ್ಕೂ ಹೋಗುತ್ತವೆ, ಮತ್ತು ಆ ಆಕ್ಷೇಪ ನ್ಯಾಯವಾದದ್ದೇ. ಪ್ರತಿ ತುಂಡೂ ಬೇರೆ ಯಾವುದೂ ಆಗದಿದ್ದರೂ ತಾನೊಂದೇ ನಿಲ್ಲುವಂತಿರಬೇಕು. ನಮ್ಮ ಮೊದಲ ತುಂಡು ಗೇಟಿನಿಂದ ಅಂಗನವಾಡಿಯವರೆಗೆ, ಎರಡನೆಯದು ಅಂಗನವಾಡಿಯಿಂದ ರೇಷನ್ ಅಂಗಡಿಯವರೆಗೆ. ಹೀಗೆ ಪ್ರತಿಯೊಂದಕ್ಕೂ ಒಂದು ಆರಂಭ, ಒಂದು ಕೊನೆ, ಅದನ್ನು ಬಳಸುವ ಬೇರೆಯೇ ಜನ. ಅರ್ಜಿದಾರರೂ ಬೇರೆ ಬೇರೆ. ಅಂಗನವಾಡಿಯ ತುಂಡಿಗೆ ತಾಯಂದಿರೇ ಅರ್ಜಿ ಹಾಕಿದರು. ನಕ್ಷೆಯಲ್ಲಿ ಇಂತಿಷ್ಟು ಮೀಟರಿನಿಂದ ಇಂತಿಷ್ಟು ಮೀಟರಿನವರೆಗೆ ಎಂದು ಬರೆದು, ಎರಡೂ ತುದಿಯ ಫೋಟೊ ಅಂಟಿಸಿದೆವು. ಇದರಿಂದ ಜ್ಯೂನಿಯರ್ ಇಂಜಿನಿಯರ್ ಸ್ಥಳಕ್ಕೆ ಬಂದಾಗ ಹುಡುಕುವ ಕೆಲಸವಿರಲಿಲ್ಲ, ಅಳತೆ ಮುಗಿಸಿ ದರಪಟ್ಟಿಯ ಪ್ರಕಾರ ಎಸ್ಟಿಮೇಟು ಬರೆದುಕೊಂಡರು. ನಾಲ್ಕರಲ್ಲಿ ಯಾವುದನ್ನು ಮೊದಲು ಹಾಕಿದೆವು, ಯಾವ ವಾರದಲ್ಲಿ ಹಾಕಿದೆವು, ಯಾಕೆ ಹಾಕಿದೆವು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪ್ರಭಾಗದ ಒಟ್ಟು ಮಿತಿ ಒಂದೇ, ಅದರಲ್ಲಿ ಪಾಲು ಕೇಳುವವರಲ್ಲಿ ಇದನ್ನು ಓದುವ ನೆರೆಯ ಸೊಸೈಟಿಯವರೂ ಇದ್ದಾರೆ.

2024-25ರ ಬಜೆಟ್ಟಿನಲ್ಲಿ ನಾಲ್ಕೂ ಹೆಸರುಗಳು ಬಂದವು. ಅಲ್ಲಿಗೆ ಗೆದ್ದೆವೆಂದು ಪೇಢೆ ಹಂಚಿದವರಿದ್ದಾರೆ, ನಾನು ತಿನ್ನಲಿಲ್ಲ. ಬಜೆಟ್ ಪುಸ್ತಕದಲ್ಲಿ ಹೆಸರು ಬರುವುದಕ್ಕೂ ಸಿಮೆಂಟು ಬೀಳುವುದಕ್ಕೂ ನಡುವೆ ಬಹಳ ದೂರ ಇದೆ. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು. ಜೂನ್‌ನಲ್ಲಿ ಅದು ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಬಿಡುತ್ತಲೇ ಟೆಂಡರು ತೆರೆದು ಮೂರು ತುಂಡಿನ ವರ್ಕ್ ಆರ್ಡರು ಕೈಗೆ ಬರುವ ಹೊತ್ತಿಗೆ ಅಕ್ಟೋಬರ್ 15ರಂದು ವಿಧಾನಸಭೆಯ ನೀತಿಸಂಹಿತೆ. ವರ್ಕ್ ಆರ್ಡರು ಸಿಕ್ಕಿದ್ದರೂ ನೆಲದ ಮೇಲೆ ಆರಂಭವಾಗದ ಕೆಲಸವನ್ನು ನೀತಿಸಂಹಿತೆಯ ಕಾಲದಲ್ಲಿ ಹೊಸದಾಗಿ ಆರಂಭಿಸುವಂತಿಲ್ಲ. ಮೊದಲ ತುಂಡಿನ ಅಗೆತ ಎರಡು ದಿನ ಮೊದಲೇ ಶುರುವಾಗಿತ್ತು. ಗುದ್ದಲಿ ನೆಲಕ್ಕೆ ಬಿದ್ದ ಆ ದಿನದ ತಾರೀಖಿನ ಫೋಟೊ ನಮ್ಮಲ್ಲಿದ್ದುದರಿಂದ ಆ ಒಂದು ತುಂಡು ನಿಲ್ಲಲಿಲ್ಲ. ಉಳಿದವು ನವೆಂಬರ್ ಕೊನೆಯವರೆಗೆ ಕಾದವು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಖರ್ಚಾಗದ ಹಣ ನಮ್ಮ ಹೆಸರಿನಲ್ಲಿ ಉಳಿಯುವುದಿಲ್ಲ. ವರ್ಷದ ನಡುವೆ ವರ್ಗೀಕರಣ ಎಂಬುದೊಂದಿದೆ. ಒಂದು ಬಾಬತ್ತಿನ ಹಣ ಇನ್ನೊಂದಕ್ಕೆ ತಿರುಗುವ ದಾರಿ ಅದು. ನಮ್ಮ ಕೆಲಸಗಳ ಮೇಲೆ ಟೆಂಡರ್ ಪ್ರಕ್ರಿಯೆ ನಡೆದಿದೆಯೆಂಬ ಕಾಗದವನ್ನು ಆಗಾಗ ಆವಕ್ ಮಾಡಿಸುತ್ತಾ ಇದ್ದುದೇ ಅದರಿಂದ ಪಾರಾದ ಬಗೆ.

ಹೆಚ್ಚು ನಷ್ಟವಾದದ್ದು ಮೂರನೆಯ ತುಂಡಿನಲ್ಲಿ. ಅಂದಾಜಿಗಿಂತ ಶೇಕಡಾ ಮೂವತ್ತಕ್ಕೂ ಕಡಿಮೆ ದರಕ್ಕೆ ಹಿಡಿದ ಗುತ್ತಿಗೆದಾರನೊಬ್ಬ ಕಟ್ಟೆಕಲ್ಲು ಇಳಿಸಿ, ಅರ್ಧ ಅಗೆದು, ಕೂಲಿಯವರನ್ನು ಕರೆದುಕೊಂಡು ಬೇರೆ ಸೈಟಿಗೆ ಹೋದ. ಅಗೆದ ಗುಂಡಿಗೆ ವಾರಗಟ್ಟಲೆ ಹಲಗೆ ಹಾಕಿಕೊಂಡು ದಾಟಿದೆವು. ಆಗ ಸಭೆ ಕರೆದು ನನ್ನನ್ನು ತರಾಟೆಗೆ ತೆಗೆದುಕೊಂಡವರ ಹೆಸರು ಬರೆಯುವುದಿಲ್ಲ, ಅವರಲ್ಲಿ ಇಬ್ಬರು ಈಗ ಬಸ್ಸಿನ ಮೊದಲ ಸೀಟಿನಲ್ಲಿ ಕುಳಿತು ಹೋಗುತ್ತಾರೆ. ನಮ್ಮ ಸೆಂಟ್ರಿಂಗ್ ಹಿರಿಯರೇ ಅವನ ಮುಕಾದಮನನ್ನು (ಕೂಲಿಯವರ ಮೇಸ್ತ್ರಿಯನ್ನು) ಗುರುತು ಹಿಡಿದು, ಊರಿನವನೆಂಬ ಸಲಿಗೆಯಲ್ಲಿ ಮಾತಾಡಿ ವಾಪಸ್ಸು ಕರೆತಂದರು. ಕಾಗದದಿಂದ ಆಗದ ಕೆಲಸಗಳೂ ಇವೆ ಎಂಬುದನ್ನು ಅವರ ಸಮಾಧಾನಕ್ಕಾಗಿ ಒಪ್ಪಿಕೊಳ್ಳುತ್ತೇನೆ.

ಒಂದು ಸಲಹೆ ಮಾತ್ರ ಬಿಡಿಸಿ ಹೇಳಬೇಕು. ಪೇವರ್ ಹಾಕಿದ ಮರುತಿಂಗಳೇ ಯಾರಾದರೂ ಕೇಬಲ್ ಎಳೆಯಲು ಬಂದೇ ಬರುತ್ತಾರೆ. ಎಸ್ಟಿಮೇಟಿನಲ್ಲಿ ಕಾಲುದಾರಿಯ ಅಡಿಗೆ ಉದ್ದಕ್ಕೂ ಕೇಬಲ್ ತೂರಿಸಲು ಎರಡು ಪ್ಲಾಸ್ಟಿಕ್ ಡಕ್ಟ್ ಕೊಳವೆ, ಅಲ್ಲಲ್ಲಿ ಚೇಂಬರು ಸೇರಿಸಿ ಎಂದು ಹಟ ಹಿಡಿದೆ. ಮೀಟರಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾಗಿ, ಉದ್ದ ನಾಲ್ಕೈದು ಮೀಟರ್ ಕಡಿಮೆಯಾಯಿತು. ಅಂದಿನಿಂದ ನಮ್ಮ ಕಾಲುದಾರಿಯನ್ನು ಯಾರೂ ಒಡೆದಿಲ್ಲ, ಎದುರಿನ ಬೀದಿಯದ್ದನ್ನು ಎರಡು ಸಲ ಒಡೆದಿದ್ದಾರೆ.

ನಿಲ್ದಾಣ ಮತ್ತು ತಿರುವಿನ ಜಾಗಕ್ಕೆ ಶಾಸಕರ ನಿಧಿ ಹಿಡಿದೆವು. ಮಹಾರಾಷ್ಟ್ರದಲ್ಲಿ ಒಬ್ಬ ಶಾಸಕರಿಗೆ ಸ್ಥಳೀಯ ಅಭಿವೃದ್ಧಿಗೆಂದು ವರ್ಷಕ್ಕೆ ಐದು ಕೋಟಿ ಇರುತ್ತದೆ. ಶಿಫಾರಸು ಪತ್ರ ಸಿಕ್ಕರೆ ಸಾಲದು. ಅದು ಜಿಲ್ಲಾ ನಿಯೋಜನ ಕಚೇರಿಗೆ ಹೋಗಿ, ಕೆಲಸ ಮಾಡುವ ಇಲಾಖೆಯಿಂದ ಎಸ್ಟಿಮೇಟು ಬಂದು, ಜಿಲ್ಲಾಧಿಕಾರಿಗಳ ಆಡಳಿತಾತ್ಮಕ ಮಂಜೂರಿ ದೊರೆಯಬೇಕು. ಬಹುಪಾಲು ಪತ್ರಗಳು ಎಸ್ಟಿಮೇಟಿಲ್ಲದೆ ಅಲ್ಲೇ ಮಲಗುತ್ತವೆ. ನಾವು ಎಸ್ಟಿಮೇಟು, ಜಾಗ ಪಾಲಿಕೆಯದೇ ಎಂಬ ದಾಖಲೆ, ನಿಲ್ದಾಣಕ್ಕೆ ತಮ್ಮ ಅಭ್ಯಂತರವಿಲ್ಲವೆಂಬ ಪಿಎಂಪಿಎಂಎಲ್ ಪತ್ರ, ಈ ಮೂರನ್ನೂ ಹಿಡಿದುಕೊಂಡು ಶಿಫಾರಸು ಕೇಳಲು ಹೋದೆವು, ಕ್ರಮವನ್ನೇ ತಿರುಗಿಸಿದೆವು. ಶಾಸಕರ ಆಪ್ತ ಸಹಾಯಕರು ಕಡತವನ್ನು ಮಗುಚಿ ನೋಡಿ, ಇಷ್ಟು ತಯಾರಿಯಲ್ಲಿ ಬಂದವರನ್ನು ಕಂಡಿಲ್ಲ ಎಂದರು. ನಿಲ್ದಾಣ ಮತ್ತು ತಿರುವಿನ ಕಾಂಕ್ರೀಟು ಸೇರಿ ಒಂಬತ್ತು ಲಕ್ಷದ ಹತ್ತಿರ ಮಂಜೂರಾಯಿತು. ನಿಲ್ದಾಣದ ಮೇಲೆ ಶಾಸಕರ ಹೆಸರಿನ ಫಲಕ ದೊಡ್ಡದಾಗಿಯೇ ಇದೆ. ಅದರಿಂದ ನಮಗೆ ನೆರಳು ಕಡಿಮೆಯಾಗಿಲ್ಲ.

ಇದಕ್ಕೂ ಮೊದಲು ಜಾಹೀರಾತಿನ ಆಧಾರದಲ್ಲಿ ನಿಲ್ದಾಣ ಕಟ್ಟುವವರನ್ನು ವಿಚಾರಿಸಿದ್ದೆ. ಜಾಹೀರಾತು ಓದುವವರು ಕಾರಿನಲ್ಲಿ ಹೋಗುವ ರಸ್ತೆ ಅವರಿಗೆ ಬೇಕು, ನಮ್ಮದು ಬೇಡ. ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ ಹಣವನ್ನೂ ಕೇಳಿದ್ದೆ. ನಿಲ್ದಾಣಕ್ಕಿಂತ ಉದ್ಘಾಟನೆಯ ದಿನದ ಬಗ್ಗೆಯೇ ಅವರ ಆಸಕ್ತಿ ಹೆಚ್ಚೆಂದು ಕಂಡಾಗ ಬಿಟ್ಟೆ.

ದೀಪದ ಕಥೆ ಸ್ವಲ್ಪ ಬೇರೆ. ನಾನು ಮೊದಲು ಸೌರದೀಪದ ಪ್ರಯೋಗ ಮಾಡಿದೆ. ಸೊಸೈಟಿಯ ಹಣದಿಂದ ಎರಡು ಕಂಬ, ಎರಡೂ ಸೇರಿ ಮೂವತ್ತು ಸಾವಿರದ ಮೇಲಾಗಿರಬೇಕು. ಬೇಸಿಗೆಯಲ್ಲಿ ಚೆನ್ನಾಗಿ ಉರಿದವು. ಮಳೆಗಾಲದ ಮೋಡದಲ್ಲಿ ರಾತ್ರಿ ಒಂಬತ್ತಕ್ಕೇ ಮಂಕಾಗುತ್ತಿದ್ದವು, ದೀಪಾವಳಿಯ ಹೊತ್ತಿಗೆ ಒಂದರ ಬ್ಯಾಟರಿ ಕಳುವಾಯಿತು. ರಸ್ತೆಯ ಆ ಭಾಗ ಹಳೆಯ ದಲಿತ ವಸತಿಗೆ ಅಂಟಿಕೊಂಡಿದೆ. ಅಂಥ ನಗರ ವಸತಿಗಳ ಮೂಲಸೌಕರ್ಯಕ್ಕೆ ರಾಜ್ಯದಲ್ಲಿ ಲೋಕಶಾಹೀರ ಅಣ್ಣಾಭಾವು ಸಾಠೆಯವರ ಹೆಸರಿನ ಯೋಜನೆ ಇದೆ. ಆ ವಸತಿಯ ಹಿರಿಯರೊಂದಿಗೆ ಕೂಡಿ, ಅವರದೇ ಅರ್ಜಿಯಲ್ಲಿ ಕಂಬಗಳನ್ನು ಕೇಳಿದೆವು. ಅರ್ಜಿ ಅವರದು, ಬರವಣಿಗೆ ನನ್ನದು, ಬೆಳಕು ಇಬ್ಬರದು. ಎಲ್‌ಇಡಿ ದೀಪ, ಕಂಬ, ಕೇಬಲು ಎಲ್ಲ ಸೇರಿ ನಾಲ್ಕು ಲಕ್ಷದಷ್ಟು. ಉಳಿದ ಒಂದು ಸೌರದೀಪವನ್ನು ಈಗ ನಮ್ಮ ನೀರಿನ ಟಾಕಿಯ ಬಳಿ ಹಾಕಿದ್ದೇವೆ.

ಇಷ್ಟಾದ ಮೇಲೆ ಆಗಾರಕ್ಕೆ ಹೋದೆವು. ಆ ಹಳೆಯ ಪತ್ರದ ನಕಲನ್ನು ಮೇಲಿಟ್ಟು, ಅದರ ನಾಲ್ಕೂ ಸಾಲುಗಳ ಎದುರಿಗೆ ಮುಗಿದ ಕೆಲಸದ ಫೋಟೊ, ಜೊತೆಗೆ ಬೆಳಗಿನ ಎಣಿಕೆಯ ಕೋಷ್ಟಕ. 2024ರ ಮಾರ್ಚ್‌ನಲ್ಲಿ ರಾಮವಾಡಿ ಮೆಟ್ರೋ ನಿಲ್ದಾಣ ತೆರೆದಿದ್ದುದರಿಂದ ಅಲ್ಲಿಗೆ ಕೂಡುವ ಮಾರ್ಗವಾಗಿ ಇದನ್ನು ನೋಡಬಹುದು ಎಂಬ ಒಂದು ವಾಕ್ಯವನ್ನೂ ಸೇರಿಸಿದ್ದೆ. ಟೆಂಪೊಗಳ ವಿಷಯದಲ್ಲಿ ಸಂಚಾರ ಪೊಲೀಸರಿಂದ ನಿಲುಗಡೆ ನಿಷೇಧದ ಆದೇಶ ಅಷ್ಟರಲ್ಲಿ ಹೊರಟಿತ್ತು. ಟೆಂಪೊದವರಲ್ಲಿ ನಮ್ಮವರೇ ಹೆಚ್ಚು. ಅವರಿಗೆ ರಾತ್ರಿ ಹತ್ತರ ನಂತರ ಸೊಸೈಟಿಯ ಹಿಂಬದಿಯಲ್ಲಿ ಜಾಗ ಕೊಟ್ಟಿದ್ದರಿಂದ ಜಗಳ ಬೀದಿಗೆ ಬರಲಿಲ್ಲ.

ತಿರುವಿನ ಪರೀಕ್ಷೆಯ ದಿನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹಳ ಪ್ರಸ್ತಾವಗಳು ಸೋಲುವುದು ಅಲ್ಲಿಯೇ. 12 ಮೀಟರ್ ಉದ್ದದ ಬಸ್ಸು ಒಂದೇ ಸಲಕ್ಕೆ ತಿರುಗಬೇಕಾದರೆ ಹೊರಗಿನ ಸುತ್ತಿಗೆ 12 ಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ತ್ರಿಜ್ಯ ಬೇಕು, ಅಂದರೆ ಹೆಚ್ಚುಕಡಿಮೆ 25 ಮೀಟರಿನ ಬಯಲು. ನಮ್ಮಲ್ಲಿ ಅಷ್ಟು ಇರಲಿಲ್ಲ. ಆದರೆ ಪುಣೆಯಲ್ಲಿ 2019ರಿಂದ 9 ಮೀಟರಿನ ವಿದ್ಯುತ್ ಬಸ್ಸುಗಳೂ ಓಡುತ್ತಿವೆ. ಅದನ್ನೇ ಕೇಳಿದೆವು. ಕಾಂಕ್ರೀಟು ಹಾಕುವ ಮೊದಲೇ ಗೂಟ ನೆಟ್ಟು, ಹಗ್ಗ ಕಟ್ಟಿ, ಸುಣ್ಣದಲ್ಲಿ ಎರಡು ಸುತ್ತು ಎಳೆದಿದ್ದೆ, ಒಂದು ಗಾಲಿಗೆ, ಇನ್ನೊಂದು ಬಸ್ಸಿನ ಮೂತಿಗೆ. ಮೂತಿ ಗಾಲಿಗಿಂತ ಹೊರಗೆ ಬೀಸುತ್ತದೆ ಎಂಬುದನ್ನು ಮರೆತವರು ಕಟ್ಟೆಯನ್ನು ಒಡೆಸಿಕೊಳ್ಳುತ್ತಾರೆ. ಪರೀಕ್ಷೆಗೆ ಬಂದ ಚಾಲಕರು ಕೆಳಗಿಳಿದು ತಿರುವಿನ ಅಂಚಿನ ಉದ್ದಕ್ಕೂ ಒಮ್ಮೆ ನಡೆದರು, ವಿದ್ಯುತ್ ಕಂಬವೊಂದರ ಬಳಿ ನಿಂತು ಗೇಣು ಹಾಕಿ ನೋಡಿದರು, ಹತ್ತಿ ಕುಳಿತು ಒಂದೇ ಸಲಕ್ಕೆ ತಿರುಗಿಸಿಬಿಟ್ಟರು. ಕಂಬಕ್ಕೂ ಕನ್ನಡಿಗೂ ಒಂದು ಮೊಳ ಉಳಿದಿತ್ತು.

ನಂತರ ಅವರು ಕೇಳಿದ ಪ್ರಶ್ನೆ ಯಾವ ಅರ್ಜಿಯ ನಮೂನೆಯಲ್ಲೂ ಇಲ್ಲ: ಇಲ್ಲಿ ನಾವು ಸಂಡಾಸಿಗೆ ಎಲ್ಲಿ ಹೋಗಬೇಕು? ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುವ ಚಾಲಕ ಕಂಡಕ್ಟರುಗಳಿಗೆ, ಅದರಲ್ಲೂ ಮಹಿಳಾ ಕಂಡಕ್ಟರುಗಳಿಗೆ ಅದಕ್ಕಿಂತ ದೊಡ್ಡ ವಿಷಯವಿಲ್ಲ. ಸೊಸೈಟಿ ಕಚೇರಿಯ ಶೌಚಾಲಯದ ಇನ್ನೊಂದು ಬೀಗದಕೈಯನ್ನು ಮಾಡಿಸಿ, ಠರಾವಿನ ನಕಲಿನೊಂದಿಗೆ ಆಗಾರಕ್ಕೆ ಕೊಟ್ಟೆವು. ಖರ್ಚು ಎಪ್ಪತ್ತೋ ಎಂಬತ್ತೋ ರೂಪಾಯಿ. ಇಡೀ ವ್ಯವಹಾರದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಹೆಚ್ಚು ಫಲ ಕೊಟ್ಟದ್ದು ಬೇರೊಂದಿಲ್ಲ.

ಮುಖ್ಯರಸ್ತೆಯ ಮಾರ್ಗದ ಕೆಲವು ಫೇರಿಗಳನ್ನು (ಟ್ರಿಪ್ಪುಗಳನ್ನು) ನಮ್ಮ ಗೇಟಿನವರೆಗೆ ವಿಸ್ತರಿಸಿದರು, ಬೆಳಗಿನ ಆರೂವರೆಯದೂ ಸೇರಿ. 2025ರ ಜೂನ್‌ನಲ್ಲಿ ದರ ಏರಿ ತಿಂಗಳ ಪಾಸು 900ರಿಂದ 1500 ಆದಾಗ ನಮ್ಮವರು ಹೆದರಿದ್ದರು. ಆದರೆ ಐದು ಕಿಲೋಮೀಟರಿನೊಳಗೆ ಟಿಕೆಟು ಹತ್ತು ರೂಪಾಯಿ. ನಮ್ಮ ಹೆಂಗಸರಲ್ಲಿ ಬಹುಪಾಲು ಅದರೊಳಗೇ ಇಳಿಯುವವರು. ತಿಂಗಳಿಗೆ 520 ರೂಪಾಯಿಯಲ್ಲಿ ಮುಗಿಯುತ್ತದೆ, ರಿಕ್ಷಾದ ಅರ್ಧ. ಎರಡು ಬಸ್ಸು ಬದಲಿಸುವವರಿಗೆ ಮಾತ್ರ ಉಳಿತಾಯ ಏನೂ ಇಲ್ಲ.

ಒಟ್ಟು ಲೆಕ್ಕ ಕೇಳುವವರಿಗೆ: ನಾಗರಿಕ ಬಜೆಟ್ಟಿನ ನಾಲ್ಕು ಕೆಲಸಗಳಿಗೆ 19 ಲಕ್ಷ ಮಂಜೂರಾಗಿ, ಟೆಂಡರು ಕಡಿಮೆಗೆ ಹೋದದ್ದರಿಂದ 15ರೊಳಗೆ ಮುಗಿದಿರಬೇಕು. ಶಾಸಕರ ನಿಧಿ ಒಂಬತ್ತು, ದೀಪಕ್ಕೆ ನಾಲ್ಕು. ನಮ್ಮ ಕೈಯಿಂದ ಜೆರಾಕ್ಸು, ನಕ್ಷೆ, ಸುಣ್ಣ, ರಿಕ್ಷಾ, ಚಹಾ ಎಂದು ಹನ್ನೆರಡು ಸಾವಿರದ ಹತ್ತಿರ, ಸೌರದೀಪದ ನಷ್ಟ ಬೇರೆ. ಮನೆಗೆ ತಿಂಗಳಿಗೆ ಹತ್ತು ರೂಪಾಯಿಯಂತೆ ಎತ್ತಿದೆವು, ಲೆಕ್ಕವನ್ನು ಸೂಚನಾ ಫಲಕದ ಮೇಲೆ ಹಚ್ಚುತ್ತಿದ್ದೆವು. ಲಂಚವೆಂದು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಇದನ್ನು ನಂಬದವರು ಬಂದು ರಸೀತಿಗಳನ್ನು ನೋಡಬಹುದು.

ಮುಖ್ಯರಸ್ತೆಯ ಎದುರು ಬದಿಗೆ ದಾಟಲು ಇನ್ನೂ ಜೀಬ್ರಾ ಪಟ್ಟೆಯಿಲ್ಲ, ನಡುವೆ ನಿಂತು ಉಸಿರಾಡಲು ಜಾಗವಿಲ್ಲ. ಸಂಜೆ ಕೆಲಸದಿಂದ ಮರಳುವವರೆಲ್ಲ ಆ ಬದಿಗೇ ಇಳಿಯುತ್ತಾರೆ. ಅಲ್ಲಿನ ಎಣಿಕೆಯನ್ನು ಈ ಬಾರಿ ಸಂಜೆ ಐದರಿಂದ ಎಂಟರವರೆಗೆ ಮಾಡಿಸಿದ್ದೇನೆ, ಟೇಬಲ್ ಟಾಪ್ ಕ್ರಾಸಿಂಗಿನ (ರಸ್ತೆಗಿಂತ ಎತ್ತರಿಸಿದ ದಾಟುಪಟ್ಟೆಯ) ಅಂದಾಜು 4.7 ಲಕ್ಷದಲ್ಲಿ ನಿಂತಿದೆ, ಅರ್ಜಿದಾರರಾಗಿ ಆ ಬದಿಯ ತರಕಾರಿ ಗಾಡಿಯವರನ್ನೂ ಸೇರಿಸಿಕೊಂಡಿದ್ದೇವೆ. ಕ್ಷೇತ್ರೀಯ ಕಚೇರಿಯಲ್ಲಿ ಅರ್ಜಿ ತೆರೆದ ದಿನವೇ ಹಾಕುವುದು ಎಂದು ಕಮಿಟಿ ಠರಾವು ಮಾಡಿದೆ. ಸೂಚಕರು ಸೆಂಟ್ರಿಂಗ್ ಹಿರಿಯರು.